ಬೀಚ್‌ಕೋಂಬರ್ ಬಾರ್‌ನ ಬೆನ್ನುಹತ್ತಿ: ಮುಚ್ಚಿಹೋದ ಹೋಟೆಲಿನ ಇತಿಹಾಸ ಹುಡುಕುವ ಬಗೆ

ಯಾರ್ಕ್‌ಶೈರ್ ಕಡಲತೀರದ ಫೈಲಿ ಊರಲ್ಲಿ ಜುಲೈ ತಿಂಗಳಲ್ಲೂ ಸ್ವೆಟರ್ ಬೇಕಾಗುತ್ತದೆ. ಅಂಥ ಕಡೆ ಒಂದು ಕಾಲಕ್ಕೆ ಬಿದಿರು, ತಾಳೆಗರಿಗಳ ದಕ್ಷಿಣ ಸಮುದ್ರದ ದ್ವೀಪವೊಂದಿತ್ತು ಅಂದರೆ ನಂಬ್ತೀರಾ? ಬಟ್ಲಿನ್ಸ್ ರಜಾ ಶಿಬಿರದ ಬೀಚ್‌ಕೋಂಬರ್ ಬಾರ್ ಅದು. 1945ರಲ್ಲಿ ಶುರುವಾದ ಶಿಬಿರ 1983ರಲ್ಲಿ ಮುಚ್ಚಿತು. ಜನರನ್ನು ಅಲ್ಲಿಗೇ ಇಳಿಸುತ್ತಿದ್ದ ರೈಲು ನಿಲ್ದಾಣ ಅದಕ್ಕೂ ಮೊದಲೇ, 1977ರಲ್ಲಿ ಹೋಯಿತು.

ಈ ಅಲಂಕಾರದ ಹೆಸರು ‘ಟಿಕಿ’. ಮಾವೊರಿ ಮತ್ತಿತರ ಪಾಲಿನೇಷ್ಯಾ ಜನರಿಗೆ ಟಿಕಿ ಎಂದರೆ ಕೆತ್ತಿದ ಮನುಷ್ಯರೂಪದ ಮೂರ್ತಿ. ಅದನ್ನು ಹೋಟೆಲಿನ ಗೋಡೆಗೆ ತಂದವರು 1930ರ ದಶಕದ ಕ್ಯಾಲಿಫೋರ್ನಿಯಾದವರು: ಹಾಲಿವುಡ್‌ನ ಡಾನ್ ದ ಬೀಚ್‌ಕೋಂಬರ್, ಓಕ್‌ಲೆಂಡ್‌ನ ಟ್ರೇಡರ್ ವಿಕ್ಸ್. ಟ್ರೇಡರ್ ವಿಕ್ಸ್ 1963ರಲ್ಲಿ ಲಂಡನ್ನಿನ ಹಿಲ್ಟನ್‌ಗೂ ಬಂತು. ಈ ಹೋಟೆಲುಗಳಲ್ಲಿ ಗೋಡೆ ಪಾಲಿನೇಷ್ಯಾದ್ದು, ತಟ್ಟೆಯಲ್ಲಿ ಇದ್ದದ್ದು ಬಹುಪಾಲು ಅಮೆರಿಕಕ್ಕೆ ಒಗ್ಗಿಸಿದ ಚೀನೀ ಅಡುಗೆ. (ಇಲ್ಲಿ ‘ಸೌತ್ ಇಂಡಿಯನ್’ ಬೋರ್ಡ್ ನೋಡಿ ಒಳಗೆ ಹೋಗಿ ಬಿಸಿಬೇಳೆಬಾತ್ ಹುಡುಕೋ ನಮಗೆ ಇದು ಹೊಸದೇನಲ್ಲ.)

ಹುಡುಕಾಟದಲ್ಲಿ ಮೊದಲು ಕಾಡುವುದು ಹೆಸರು. ಬೀಚ್‌ಕೋಂಬರ್ ಹಾಲಿವುಡ್‌ನಲ್ಲೂ ಇತ್ತು, ಲಂಡನ್ನಿನ ಮೇಫೇರ್ ಹೋಟೆಲಿನಲ್ಲೂ ಇತ್ತು, ಬಟ್ಲಿನ್ಸ್‌ನ ಬೇರೆ ಶಿಬಿರಗಳಲ್ಲೂ ಇತ್ತು. ಹಾಗಾಗಿ ಊರಿನ ಹೆಸರಿಲ್ಲದ ಮೆನುವನ್ನೋ ಬೆಂಕಿಪೊಟ್ಟಣವನ್ನೋ ನಮ್ಮದೇ ಬಾರಿನದು ಅಂದುಕೊಳ್ಳುವ ಹಾಗಿಲ್ಲ.

ಆಮೇಲೆ ಕಾಲನಿರ್ಣಯ. ನಮಗೆ ತುಂಬಾ ಖುಷಿ ಕೊಡುವ ಭಾಗ ಇದೇ, ಯಾಕೆಂದರೆ ತಾರೀಖಿಲ್ಲದ ಕಾಗದವೂ ಮಾತಾಡುತ್ತದೆ. ಬೆಲೆ ಶಿಲ್ಲಿಂಗ್‌ನಲ್ಲಿ ಮಾತ್ರ ಇದ್ದರೆ ಆ ಮೆನು ಹೆಚ್ಚುಕಮ್ಮಿ 1971ರ ಫೆಬ್ರವರಿ 15ಕ್ಕೆ ಮೊದಲಿನದು. ಅವತ್ತು ದಶಮಾಂಶ ನಾಣ್ಯ ಬಂತು. ‘ವ್ಯಾಟ್ ಸೇರಿ’ ಅಂತಿದ್ದರೆ 1973ರ ಏಪ್ರಿಲ್‌ಗಿಂತ ಹಿಂದಿನದಲ್ಲ. ನಿಮ್ಮೂರಿನ ಹೋಟೆಲುಗಳಿಗಾದರೆ ಫೋನ್ ನಂಬರನ್ನೂ ನೋಡಿ: ಲೀಡ್ಸ್‌ನ 0532 ಹೋಗಿ 0113 ಬಂದದ್ದು, ಬರ್ಮಿಂಗ್‌ಹ್ಯಾಮ್‌ನ 021 ಹೋಗಿ 0121 ಆದದ್ದು, ಮ್ಯಾಂಚೆಸ್ಟರ್‌ನ 061 ಹೋಗಿ 0161 ಆದದ್ದು, ಎಲ್ಲವೂ 1995ರಲ್ಲಿ. ಇಂಥ ಎರಡು ಮೂರು ಸುಳಿವು ಸೇರಿದರೆ ದಶಕವಿದ್ದದ್ದು ಕೆಲವೇ ವರ್ಷಗಳಿಗೆ ಇಳಿಯುತ್ತದೆ.

ಚಿತ್ರಗಳ ವಿಷಯದಲ್ಲಿ ಮಾತ್ರ ಹುಷಾರು. ಬಟ್ಲಿನ್ಸ್ ಬಾರ್‌ಗಳು ಇಂದು ಹೆಚ್ಚಾಗಿ ಕಾಣಸಿಗುವುದು ಜಾನ್ ಹಿಂಡ್ ಸ್ಟುಡಿಯೋದ ಪೋಸ್ಟ್‌ಕಾರ್ಡ್‌ಗಳಲ್ಲಿ. ಜನರನ್ನು ಹೊಂದಿಸಿ ಕೂರಿಸಿ, ದೀಪ ಹಾಕಿ ತೆಗೆದು, ಬಣ್ಣ ಗಾಢ ಮಾಡಿ ಅಚ್ಚು ಹಾಕಿದ ಚಿತ್ರಗಳವು. ಟಿಕಿ ಬಾರ್‌ನ ಸೊಗಸೇ ಮಬ್ಬುಗತ್ತಲು. ಪೋಸ್ಟ್‌ಕಾರ್ಡ್ ನೋಡಿದರೆ ಹಬ್ಬದ ಮನೆ ಹಾಗಿರುತ್ತದೆ! ಹೋಗಿಬಂದವರು ಮನೆಯ ಕ್ಯಾಮೆರಾದಲ್ಲಿ ತೆಗೆದ ಮಸುಕು ಫೋಟೊ ಸಿಕ್ಕರೆ ನಮಗೆ ಅದರ ಬೆಲೆಯೇ ಹೆಚ್ಚು.

ಲೀಡ್ಸ್‌ನಲ್ಲಿರುವವರಿಗೆ ಅಲ್ಲಿನ ಗ್ರಂಥಾಲಯದ ಲಿಯೋಡಿಸ್ ಫೋಟೊ ಸಂಗ್ರಹವಿದೆ. ಮ್ಯಾಂಚೆಸ್ಟರ್ ಸೆಂಟ್ರಲ್ ಲೈಬ್ರರಿ, ಲೈಬ್ರರಿ ಆಫ್ ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಸ್ಥಳೀಯ ಇತಿಹಾಸದ ವಿಭಾಗಗಳೇ ಇವೆ. ಹಳೆಯ ಅಂಗಡಿ ಡೈರೆಕ್ಟರಿಯನ್ನು ವರ್ಷದಿಂದ ವರ್ಷಕ್ಕೆ ಒಂದೇ ವಿಳಾಸಕ್ಕೆ ತೆಗೆದು ನೋಡಿ. ಹೆಸರು ಯಾವ ವರ್ಷ ಬಂತು, ಯಾವ ವರ್ಷ ಮಾಯವಾಯ್ತು ಗೊತ್ತಾಗುತ್ತದೆ.

ಆದರೆ ಅಲ್ಲಿ ಪಾತ್ರೆ ತೊಳೆದವರು, ಟ್ರೇ ಹೊತ್ತವರು ಡೈರೆಕ್ಟರಿಯಲ್ಲಿ ಸಿಗುವುದಿಲ್ಲ. 1970ರಲ್ಲಿ ಇಪ್ಪತ್ತರ ಹುಡುಗಿಯಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಕಾಗದ ಕಾಯುತ್ತದೆ, ಅವರನ್ನು ಮೊದಲು ಮಾತಾಡಿಸಿ. ಮೆನು ಏನಾದರೂ ಕೈಗೆ ಕೊಟ್ಟರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಕೊಳ್ಳಿ; ಮುದ್ರಕರ ಹೆಸರು, ಫೋನ್ ನಂಬರು ಇದ್ದರೆ ಸಾಮಾನ್ಯವಾಗಿ ಅಲ್ಲೇ ಇರೋದು.