ಹಳೇ ಕಾರಿಗೊಂದು ಚೀಟಿ, ಹೊಸ ಕಾರಿಗೊಂದು ಚೀಟಿ

ಹನ್ನೆರಡು ವರ್ಷ ಓಡಿಸಿದ ವ್ಯಾಗನ್‌ಆರ್ ಕೊಟ್ಟು ಹೊಸ ಕಾರು ತರೋಣವೆಂದು ಬೆಂಗಳೂರಿನಲ್ಲಿ ನಾಲ್ಕು ಷೋರೂಮು ಹತ್ತಿಳಿದೆ. ನಾಲ್ಕೂ ಕಡೆ ತಣ್ಣಗೆ ಎಸಿ, ಬಿಸಿ ಕಾಫಿ, ಕುರ್ಚಿ ಎಳೆದು ಕೂರುವ ಮೊದಲೇ ಅದೇ ಪ್ರಶ್ನೆ: ‘ಸರ್, ಎಕ್ಸ್‌ಚೇಂಜ್ ಇದೆಯಾ?’ ಮೊದಲನೇ ಕಡೆ ‘ಇದೆ’ ಅಂದುಬಿಟ್ಟೆ. ಆ ಒಂದು ‘ಇದೆ’ ಕಲಿಸಿದ ಪಾಠಗಳು ಇವು.

1. ಎಕ್ಸ್‌ಚೇಂಜ್ ಮಾತು ಕೊನೆಗಿರಲಿ. ಮೊದಲು ಹೊಸ ಕಾರಿನ ಆನ್‌ರೋಡ್ ಬೆಲೆ, ಅದರ ಮೇಲಿನ ರಿಯಾಯಿತಿ ಎಲ್ಲವೂ ಕೊಟೇಷನ್ನಿನಲ್ಲಿ ಬರಹದಲ್ಲಿ ಬರಲಿ. ಎರಡು ವ್ಯಾಪಾರವನ್ನೂ ಒಟ್ಟಿಗೆ ಮಾತಾಡಿದರೆ ಸೇಲ್ಸ್ ಹುಡುಗ ‘ಡಿಫರೆನ್ಸ್ ಇಷ್ಟಾಗುತ್ತೆ ಸರ್’ ಎಂದು ಒಂದೇ ಅಂಕಿ ಹೇಳುತ್ತಾನೆ. ಅದರೊಳಗೆ ಯಾವುದು ಏರಿತು, ಯಾವುದು ಇಳಿಯಿತು ಎಂದು ಬ್ರಹ್ಮನಿಗೂ ತಿಳಿಯದು. ನನಗೆ ಆದದ್ದು ಹೀಗೆ: ಒಂದು ಷೋರೂಮು ಹಳೇ ಕಾರಿಗೆ 1,80,000 ಕಟ್ಟಿತು, ಇನ್ನೊಂದು 2,10,000. ಎರಡನೆಯವರೇ ಧರ್ಮಾತ್ಮರು ಎಂದುಕೊಂಡು ಮನೆಗೆ ಬಂದೆ. ರಾತ್ರಿ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯವರು 9,80,000ದ ಹೊಸ ಕಾರಿಗೆ 40,000 ರಿಯಾಯಿತಿ ಬರೆದಿದ್ದರು. ಎರಡನೆಯವರ ಚೀಟಿಯಲ್ಲಿ ರಿಯಾಯಿತಿಯ ಸಾಲೇ ಇಲ್ಲ. ಮೊದಲನೇ ಕಡೆ ಕೈಯಿಂದ 7,60,000, ಎರಡನೇ ಕಡೆ 7,70,000. ಧರ್ಮಾತ್ಮರು ಹತ್ತು ಸಾವಿರ ಹೆಚ್ಚು ಕೇಳಿದ್ದರು.

2. ಷೋರೂಮಿಗೆ ಹೋಗುವ ಮುಂಚೆ ಬೇರೆ ಕಡೆ ಬೆಲೆ ಕಟ್ಟಿಸಿ. ಮನೆಗೇ ಬಂದು ನೋಡುವ ಕಾರ್ಸ್24, ಸ್ಪಿನ್ನಿಯಂಥವರಿದ್ದಾರೆ. ಕಾರು ಕಂಪನಿಗಳದ್ದೇ ಟ್ರೂ ವ್ಯಾಲ್ಯೂ ತರಹದ ಮಳಿಗೆಗಳಿವೆ. ವರ್ಷಾನುಗಟ್ಟಲೆ ನಿಮ್ಮ ಗಾಡಿಯ ಆಯಿಲ್ ಬದಲಿಸಿದ ಮೆಕ್ಯಾನಿಕ್ ಇದ್ದಾನೆ; ಅವನನ್ನು ಮರೆಯಬೇಡಿ, ಕೊಳ್ಳುವವರು ಅವನ ಪರಿಚಯದಲ್ಲೇ ಇರಬಹುದು. ಷೋರೂಮಿನವರು ಬಹಳ ಸಲ ನಿಮ್ಮ ಕಾರಿನ ಫೋಟೊಗಳನ್ನು ವಾಟ್ಸಾಪಿನಲ್ಲಿ ಬ್ರೋಕರುಗಳಿಗೆ ಕಳಿಸಿ, ಅವರು ಹೇಳಿದ ಬೆಲೆಯಲ್ಲಿ ತಮ್ಮ ಪಾಲು ಹಿಡಿದು ಉಳಿದದ್ದನ್ನು ನಿಮಗೆ ಹೇಳುತ್ತಾರೆ.

3. ಎಕ್ಸ್‌ಚೇಂಜ್ ಬೋನಸ್ ಕಾರಿನ ಬೆಲೆಯಲ್ಲ. ಅದು ಕಂಪನಿಯ ಯೋಜನೆಯಿಂದ ಬರುವ ದುಡ್ಡು. ‘ಬೋನಸ್ ಸೇರಿ ಎರಡು ಲಕ್ಷ’ ಎಂದರೆ ಬಿಡಿಸಿ ಬರೆಯಲು ಹೇಳಿ. ಹೊರಗೆ ಮಾರಿ ಆರ್‌ಸಿ ವರ್ಗಾವಣೆಯ ಪ್ರತಿ ತಂದರೂ ಬೋನಸ್ ಸಿಗುವುದುಂಟು. ಕೇಳಿ ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲವಲ್ಲ.

4. ಜಿಎಸ್‌ಟಿ ಕಥೆಯಲ್ಲಿ ಅರ್ಧ ನಂಬಿ. ‘ಹಳೇ ಕಾರಿಗೆ ಈಗ 18% ಜಿಎಸ್‌ಟಿ ಸರ್, ಅದಕ್ಕೇ ರೇಟು ಕಮ್ಮಿ’ ಎಂಬ ಮಾತು ಬರುತ್ತದೆ. 2025ರ ಜನವರಿಯಿಂದ ಸಣ್ಣ ಹಳೇ ಕಾರುಗಳಿಗೂ 12ರಿಂದ 18% ಆದದ್ದು ನಿಜ. ಆದರೆ ಅದು ಡೀಲರು ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಲಾಭದ ಮೇಲೆ ಬೀಳುವ ತೆರಿಗೆ, ನಿಮ್ಮ ಕಾರಿನ ಪೂರ್ತಿ ಬೆಲೆಯ ಮೇಲಲ್ಲ. ಇನ್ನೊಂದು ವಾದ ಇದೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ತೆರಿಗೆ 28ರಿಂದ 18ಕ್ಕೆ ಇಳಿದು ಹೊಸದೇ ಅಗ್ಗವಾಯಿತು, ಹಾಗಾಗಿ ಹಳೆಯದೂ ಇಳಿಯಿತು ಅಂತ. ಅದನ್ನು ಒಪ್ಪಲೇಬೇಕು.

5. ಮಾರುವ ಕಾರಿಗೆ ಟಿಂಕರಿಂಗು, ಪೇಂಟು ಮಾಡಿಸಬೇಡಿ. ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಹೊಸ ಬಣ್ಣ ಕಂಡರೆ ಬೆಲೆ ಕಟ್ಟಲು ಬಂದವನಿಗೆ ಅನುಮಾನವೇ ಹೆಚ್ಚು. ಚೆನ್ನಾಗಿ ತೊಳೆಸಿ, ಒಳಗೆ ಗುಡಿಸಿ, ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿಗೆ ಹಾಕಿ, ಎರಡನೇ ಕೀ ಹುಡುಕಿಡಿ. ಆ ಎರಡನೇ ಕೀ ನಮ್ಮ ಮನೆಯಲ್ಲಿ ಹೊಲಿಗೆ ಡಬ್ಬಿಯಲ್ಲಿತ್ತು.

6. ಹಳೇ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದೆಯೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ಮೊದಲೇ ತೆಗೆಸಿ. ಟ್ರಾಫಿಕ್ ದಂಡವನ್ನೂ ಕಟ್ಟಿಬಿಡಿ. ಇವೆರಡನ್ನೂ ಹಿಡಿದುಕೊಂಡು ಬೆಲೆ ಇಳಿಸುತ್ತಾರೆ.

7. ಆಷಾಢದಲ್ಲಿ ಮಾತಾಡಿ, ಶ್ರಾವಣದಲ್ಲಿ ಮನೆಗೆ ತನ್ನಿ. ನಮ್ಮ ಕಡೆ ಆಷಾಢದಲ್ಲಿ ಗಾಡಿ ಕೊಳ್ಳುವವರು ಕಡಿಮೆ, ಷೋರೂಮಿನಲ್ಲಿ ನೊಣ ಹೊಡೆಯುತ್ತಿರುತ್ತಾರೆ. ತಿಂಗಳ ಕೊನೆಯ ವಾರವಾದರಂತೂ ಟಾರ್ಗೆಟ್ಟಿನ ಬಿಸಿ ಬೇರೆ. ಆಗ ಬೆಲೆ ಕುದುರಿಸಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಡೆಲಿವರಿ ಕೇಳಿ. ಅತ್ತೆಯವರ ಮನಸ್ಸೂ ಉಳಿಯುತ್ತದೆ. ಆಯುಧಪೂಜೆಯ ಹಿಂದಿನ ವಾರ ಚೌಕಾಶಿಗೆ ಹೋಗಬೇಡಿ, ಆಗ ಅವರು ನಿಮ್ಮ ಮುಖವನ್ನೂ ನೋಡುವುದಿಲ್ಲ.

8. ನೋ ಕ್ಲೇಮ್ ಬೋನಸ್ ಕೇಳಿ ಪಡೆಯಿರಿ. ಅದು ಕಾರಿನದಲ್ಲ, ನಿಮ್ಮದು. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ 50% ಕಡಿತ: ಆ ಭಾಗ 20,000 ಇದ್ದರೆ 10,000 ಉಳಿಯಿತು. ಹಳೇ ವಿಮಾ ಕಂಪನಿಯಿಂದ ಪತ್ರ ಪಡೆದಿಟ್ಟರೆ ಮೂರು ವರ್ಷ ನಡೆಯುತ್ತದೆ. ನಾವು ಕೇಳುವ ತನಕ ಷೋರೂಮಿನಲ್ಲಿ ಯಾರೂ ನೆನಪಿಸಲಿಲ್ಲ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ಕಾನೂನೂ ಇಲ್ಲ. ಹೊರಗಿನ ಕೊಟೇಷನ್ ತೋರಿಸಿದ ಐದು ನಿಮಿಷಕ್ಕೆ ನಮ್ಮ ಪ್ರೀಮಿಯಂ ಇಳಿಯಿತು.

9. ‘ಇವತ್ತೇ ಬುಕ್ ಮಾಡಿದ್ರೆ ಮಾತ್ರ ಸರ್’ ಅಂದರೆ ‘ನಾಳೆ ಬರ್ತೀನಪ್ಪ’ ಎಂದು ಎದ್ದು ಬನ್ನಿ. ಸಂಜೆಯೊಳಗೆ ಫೋನ್ ಬರುತ್ತದೆ. ಹುಡುಗನ ಮೇಲೆ ಸಿಟ್ಟಾಗಬೇಡಿ, ಪಾಪ, ಅವನ ತಲೆಯ ಮೇಲೆ ಮ್ಯಾನೇಜರ್ ಕೂತಿರುತ್ತಾನೆ.

10. ಕಾಗದ ಕೈಗೆ ಬಂದಮೇಲೆ ಕೀ ಕೊಡಿ. ಇಲ್ಲಿ ಎಡವಿದರೆ ಮೇಲಿನ ಒಂಬತ್ತೂ ನೀರಿನಲ್ಲಿ ಹೋಮ. ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡು ‘ಉಳಿದದ್ದು ನಾವು ನೋಡ್ಕೋತೀವಿ’ ಅನ್ನುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಆ ಕಾರು ಬ್ರೋಕರಿನಿಂದ ಬ್ರೋಕರಿಗೆ ತಿರುಗುತ್ತ ಅಪಘಾತವಾದರೆ ದಾಖಲೆಯಲ್ಲಿ ಮಾಲೀಕರು ನೀವೇ. ಹೀಗೆ ಹಲವು ಕೈ ದಾಟಿದ್ದ ಕಾರಿನ ಪ್ರಕರಣದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. 2023ರ ಏಪ್ರಿಲ್‌ನಿಂದ ಹಳೇ ವಾಹನಗಳ ಡೀಲರುಗಳಿಗೆ ಆರ್‌ಟಿಒ ಅಧಿಕಾರಪತ್ರ ಕೊಡುವ ನಿಯಮ ಬಂದಿದೆ. ಅಂಥವರಿಗೆ ಫಾರಂ 29ಸಿ ಮೂಲಕ ಕಾರು ಒಪ್ಪಿಸಿದರೆ, ಅದನ್ನು ಇನ್ನೊಬ್ಬರಿಗೆ ಮಾರುವ ತನಕ ಹೊಣೆ ಡೀಲರದ್ದು. ‘ನಿಮ್ಮಲ್ಲಿ ಆ ಪತ್ರ ಇದೆಯಾ?’ ಎಂದು ಕೇಳಿ. ಇಲ್ಲದಿದ್ದರೆ ಕೊಳ್ಳುವವರ ಹೆಸರು, ವಿಳಾಸ, ದಿನಾಂಕ, ಸಮಯ ತುಂಬಿಸಿ, ಸಹಿ ಮಾಡಿಸಿದ ಡೆಲಿವರಿ ಚೀಟಿ ಪಡೆಯಿರಿ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ಆರ್‌ಸಿಯಲ್ಲಿ ಹೆಸರು ಬದಲಾಯಿತೇ ಎಂದು ಎಂಪರಿವಾಹನ್ ಆ್ಯಪಿನಲ್ಲಿ ಆಗಾಗ ನೋಡುತ್ತಿರಿ.

11. ಫಾಸ್ಟ್ಯಾಗ್ ಕಿತ್ತು, ಖಾತೆ ಮುಚ್ಚಿಸಿ. ನಾನು ಮರೆತಿದ್ದೆ. ಕಾರು ಕೊಟ್ಟ ನಾಲ್ಕನೇ ದಿನ, ಬಸವನಗುಡಿಯಲ್ಲಿ ದೋಸೆ ತಿನ್ನುತ್ತಿದ್ದಾಗ, ಶ್ರೀರಂಗಪಟ್ಟಣದ ಹತ್ತಿರದ ಗಣಂಗೂರು ಟೋಲಿನಲ್ಲಿ ನನ್ನ ಖಾತೆಯಿಂದ ದುಡ್ಡು ಕಡಿತವಾದ ಮೆಸೇಜು ಬಂತು. ನಮ್ಮ ವ್ಯಾಗನ್‌ಆರ್ ಮೈಸೂರಿಗೆ ಹೊರಟಿತ್ತು.