ನೆರೆ ಇಳಿದ ಮೇಲೆ ಮೊದಲು ಬಾವಿ ನೋಡಿ



ಜುಲೈ ತಿಂಗಳಲ್ಲಿ ಘಟ್ಟದ ಮೇಲೆ ಎರಡು ದಿನ ಬಿಡದೆ ಮಳೆ ಸುರಿದರೆ ಕಾರವಾರ ತಾಲೂಕಿನ ಮಲ್ಲಾಪುರದಲ್ಲಿ ಜನ ನೆಮ್ಮದಿಯಿಂದ ಮಲಗುವುದಿಲ್ಲ. ಕದ್ರಾ ಅಣೆಕಟ್ಟಿನ ಗೇಟು ಯಾವಾಗ ತೆರೆಯುತ್ತಾರೆ ಎಂಬುದೇ ಎಲ್ಲರ ಮಾತು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕಾಳಿ ನದಿ ದಂಡೆ ಮೀರಿದಾಗ ಜನರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ನೀರು ಇಳಿಯಿತು, ಪರಿಹಾರದ ಮಾತು ನಡೆಯಿತು. ಆದರೆ ವೈದ್ಯನಾಗಿ ನಾನು ಕಂಡಿದ್ದೇನೆಂದರೆ, ನೆರೆಯ ಕಾಯಿಲೆಗಳು ಶುರುವಾಗುವುದು ನೀರು ಇಳಿದ ಮೇಲೆ. ಅವುಗಳಲ್ಲಿ ಹೆಚ್ಚಿನವನ್ನು ನಾವೇ ತಡೆಯಬಹುದು.

ಈ ನೀರು ಬರುವುದು ಹೇಗೆ?

ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಸಮುದ್ರ ಸೇರುತ್ತದೆ. ಮೇಲೆ ಸೂಪಾ ಅಣೆಕಟ್ಟು ಇದೆ. ಅದಕ್ಕಾಗಿ ಹಳೆಯ ಸೂಪಾ ಊರೇ ಮುಳುಗಿ, ಅಲ್ಲಿನ ಎಷ್ಟೋ ಜನ ರಾಮನಗರಕ್ಕೆ ಹೋಗಬೇಕಾಯಿತು. ಕೆಳಗೆ ಕೊಡಸಳ್ಳಿ, ಕೊನೆಗೆ ಕದ್ರಾ. ಸೂಪಾ ದೊಡ್ಡ ಜಲಾಶಯ, ಸುಮಾರು 147 ಟಿಎಂಸಿ ನೀರು ಹಿಡಿಯುತ್ತದೆ. ಕದ್ರಾದ ಸಾಮರ್ಥ್ಯ ಅದರ ಹತ್ತರಲ್ಲಿ ಒಂದು ಪಾಲಿನಷ್ಟು. ಸೂಪಾದ ಕೆಳಗಿನ ಘಟ್ಟದಲ್ಲಿ ಸುರಿದ ಮಳೆ ಸೂಪಾಕ್ಕೆ ಹೋಗುವುದಿಲ್ಲ, ಅದು ಕೆಳಗಿನ ಸಣ್ಣ ಜಲಾಶಯಗಳಿಗೇ ಬರುತ್ತದೆ. ಅವು ಮೊದಲೇ ತುಂಬಿದ್ದರೆ ಬಂದ ನೀರನ್ನು ಹಾಗೆಯೇ ಹೊರಗೆ ಬಿಡದೆ ದಾರಿಯಿಲ್ಲ.

ಎಲ್ಲ ತಪ್ಪೂ ಅಣೆಕಟ್ಟಿನದು ಎನ್ನುವುದೂ ಸರಿಯಲ್ಲ. ಪಕ್ಕದ ಅಂಕೋಲಾದ ಗಂಗಾವಳಿಗೆ ಅಂತಹ ದೊಡ್ಡ ಅಣೆಕಟ್ಟು ಇಲ್ಲ, ಆದರೂ ಅದೇ ಎರಡು ವರ್ಷಗಳಲ್ಲಿ ಅದೂ ಉಕ್ಕಿತು. ವ್ಯತ್ಯಾಸ ಇಷ್ಟೇ: ಗೇಟು ತೆರೆದಾಗ ನೀರು ಬೇಗ ಏರುತ್ತದೆ, ನಮ್ಮ ಊರಿನ ಮಳೆ ನೋಡಿ ಅದನ್ನು ಅಂದಾಜು ಮಾಡಲಾಗುವುದಿಲ್ಲ. ಅದೇ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ಕಡವಾಡ, ಕಿನ್ನರದಂತಹ ಕೆಳಗಿನ ಊರುಗಳಲ್ಲಿ ನೀರು ನಿಲ್ಲುತ್ತದೆ. ಜಲಾಶಯದಲ್ಲಿ ಮೊದಲೇ ಜಾಗ ಖಾಲಿ ಇಡಿ, ನೀರು ಬಿಡುವ ಮುನ್ಸೂಚನೆ ಹಗಲಿನಲ್ಲೇ ಕೊಡಿ ಎಂದು ಕೇಳುವುದು ದಂಡೆಯ ಜನರ ಹಕ್ಕು.

ಪಾಕ್ ಬೇರೆ, ಸುರಕ್ಷಿತ ಬೇರೆ

ನೆರೆನೀರು ಶೌಚಗುಂಡಿ, ಕೊಟ್ಟಿಗೆ, ಇಲಿಬಿಲ ಎಲ್ಲವನ್ನೂ ತೊಳೆದುಕೊಂಡು ನಮ್ಮ ಬಾವಿಗೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಕೆಸರು ತಳಕ್ಕೆ ಕುಳಿತು ನೀರು ತಿಳಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಆದ್ದರಿಂದ ಸರಿಯಾಯಿತು ಎಂದುಕೊಳ್ಳುತ್ತೇವೆ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ.

ವುಝೂವಿಗೆ ಆ ನೀರು ಆಗುತ್ತದೆಯೇ ಎಂಬುದನ್ನು ನಿಮ್ಮ ಉಲಮಾಗಳಲ್ಲಿ ಕೇಳಿ. ನಾನು ಹೇಳುವುದು ಆರೋಗ್ಯದ ಮಾತು. ವುಝೂವಿನಲ್ಲಿ ನಾವು ಬಾಯಿ ಮುಕ್ಕಳಿಸುತ್ತೇವೆ, ಮೂಗಿಗೆ ನೀರು ಏರಿಸುತ್ತೇವೆ, ಮುಖ ತೊಳೆಯುವಾಗ ಕಣ್ಣಿಗೂ ತಾಗುತ್ತದೆ. ದಿನಕ್ಕೆ ಐದು ಸಲ. ರೋಗಾಣು ಒಳಗೆ ಹೋಗಲು ಇಷ್ಟು ದಾರಿ ಸಾಕು. ಆದ್ದರಿಂದ ನೆರೆ ಬಂದ ಊರಿನಲ್ಲಿ ಮನೆಯ ಬಾವಿಯಷ್ಟೇ ಮುಖ್ಯವಾಗಿ ಮಸೀದಿಯ ಬಾವಿ ಮತ್ತು ಹೌಝ್ ಶುದ್ಧವಾಗಬೇಕು.

ಬಾವಿ ಶುದ್ಧಿ ಮಾಡುವ ಕ್ರಮ

ಮೊದಲು ತೇಲುವ ಕಸ, ಸತ್ತ ಪ್ರಾಣಿ ಇದ್ದರೆ ತೆಗೆಯಿರಿ. ಬಾವಿಯೊಳಗೆ ಇಳಿಯಬೇಡಿ, ವಿಷಗಾಳಿ ಇರಬಹುದು. ನೆಲ ಇನ್ನೂ ನೆನೆದಿರುವಾಗ ಪಂಪು ಹಾಕಿ ಪೂರ್ತಿ ಬರಿದು ಮಾಡಬೇಡಿ, ಗೋಡೆ ಕುಸಿಯುವ ಭಯವಿದೆ.

ನೀರಿನ ಅಳತೆ ಹೀಗೆ: ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಇಷ್ಟು ಲೀಟರ್ ನೀರಿದೆ ಎಂದರ್ಥ. ಅಡ್ಡಗಲ 2 ಮೀಟರ್, ನೀರು 3 ಮೀಟರ್ ಇದ್ದರೆ ಸುಮಾರು 9,400 ಲೀಟರ್. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ನೆರೆಯ ನಂತರ ಅದರ ಇಮ್ಮಡಿ, ಅಂದರೆ 5 ಗ್ರಾಂ. ಮೇಲಿನ ಬಾವಿಗೆ ಸುಮಾರು 47 ಗ್ರಾಂ ಬೇಕು.

ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಚೆನ್ನಾಗಿ ಅಲ್ಲಾಡಿಸಿ. ಕನಿಷ್ಠ ಒಂದು ಗಂಟೆ ಆ ನೀರು ಮುಟ್ಟಬೇಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು.

ಅಜ್ಜಿಯರ ಕಾಲದ ಪಟಿಕ (ಫಿಟ್ಕರಿ) ಕೆಸರನ್ನು ತಳಕ್ಕೆ ಕೂರಿಸುತ್ತದೆ, ಅಷ್ಟು ಒಳ್ಳೆಯದೇ. ಆದರೆ ಅದರಿಂದ ಮಾತ್ರ ರೋಗಾಣು ಸಾಯುವುದಿಲ್ಲ. ಕುಡಿಯುವ ನೀರನ್ನು ಕುದಿಸಲೇಬೇಕು. ಗುಳ್ಳೆ ಎದ್ದು ಕುದಿಯಲು ತೊಡಗಿದ ಮೇಲೂ ಒಂದೆರಡು ನಿಮಿಷ ಒಲೆಯ ಮೇಲಿರಲಿ. ಕೆಟ್ಟ ನೀರನ್ನು ಕುದಿಸಿ ಕುಡಿಯುವ ಸಲಹೆ ಇಬ್ನ್ ಸೀನಾರ ಅಲ್ ಖಾನೂನ್‌ನಲ್ಲೇ ಇದೆ. ಆದರೆ ಉಪ್ಪು ಬೆರೆತ ಬಾವಿಯ ನೀರು ಕುದಿಸಿದರೂ ಸರಿಯಾಗುವುದಿಲ್ಲ. ರಕ್ತದೊತ್ತಡ ಇರುವವರು ಅದನ್ನು ಕುಡಿಯಬಾರದು.

ಕಷಾಯ ಕುಡಿದು ಕಾಯಬೇಡಿ

2021ರ ನೆರೆ ಇಳಿದು ಹತ್ತು ದಿನಗಳಾಗಿದ್ದವು. ಒಬ್ಬ ಯುವಕ ನನ್ನ ಬಳಿ ಬಂದ. ಕಾಲು ಒಡೆದಿತ್ತು, ಬರಿಗಾಲಿನಲ್ಲೇ ಮನೆಯ ಕೆಸರು ತೆಗೆದಿದ್ದ. ಮೂರು ದಿನಗಳಿಂದ ಜ್ವರ, ಮನೆಯಲ್ಲಿ ಕಷಾಯ ಮಾಡಿ ಕೊಡುತ್ತಿದ್ದರು. ಕಣ್ಣು ಕೆಂಪಾಗಿತ್ತು, ಮೀನಖಂಡ ಮುಟ್ಟಿದರೆ ಕೂಗುತ್ತಿದ್ದ. ನಾನು ಜೋಶಾಂದ ಬರೆಯಲಿಲ್ಲ, ನೇರವಾಗಿ ಆಸ್ಪತ್ರೆಗೆ ಕಳುಹಿಸಿದೆ. ಅದು ಇಲಿಜ್ವರ. ಅಲ್ಲಾಹನ ದಯೆಯಿಂದ ಬದುಕಿದ. ಇನ್ನೆರಡು ದಿನ ಕಳೆದಿದ್ದರೆ ಮೂತ್ರಪಿಂಡ, ಯಕೃತ್ತು ಕೆಡುವ ಸಾಧ್ಯತೆಯಿತ್ತು.

ನಾನು ಯುನಾನಿ ಓದಿದವನು, ನನ್ನ ವಿದ್ಯೆಯ ಬಗ್ಗೆ ಗೌರವವಿದೆ. ಆದ್ದರಿಂದಲೇ ಹೇಳುತ್ತೇನೆ, ಇಲಿಜ್ವರಕ್ಕೆ ಬೇಗನೆ ಆ್ಯಂಟಿಬಯೊಟಿಕ್ ಬೇಕು. ಕೆಸರು ಬಳಿಯುವವರು ಗಂಬೂಟು, ಕೈಗವಸು ಹಾಕಿಕೊಳ್ಳಿ, ಗಾಯವನ್ನು ಮುಚ್ಚಿಕೊಳ್ಳಿ. ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ತಾವಾಗಿ ನುಂಗಬೇಡಿ. ಮೂರ್ನಾಲ್ಕು ವಾರಗಳೊಳಗೆ ಜ್ವರ ಬಂದರೆ, ನೆರೆನೀರಿನಲ್ಲಿ ನಿಂತಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ವಾಂತಿಭೇದಿಯಾದರೆ ಓಆರ್‌ಎಸ್ ಕೊಡಿ. ಅದು ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಹಸುಗೂಸಿಗೆ ತಾಯಿಹಾಲು ನಿಲ್ಲಿಸಬೇಡಿ. ಮಗು ಸುಸ್ತಾಗಿ ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನಸ್ಸಿನ ನೆರೆ

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಗಾಳಿ, ಅನ್ನಪಾನದ ಜೊತೆಗೆ ನಿದ್ದೆ ಎಚ್ಚರ, ಮನಸ್ಸಿನ ಚಲನೆ ಮತ್ತು ಶಾಂತಿಯೂ ಅದರಲ್ಲಿವೆ. ಮನೆ ಮುಳುಗಿದವರು ಮುಂದಿನ ವರ್ಷವೂ ಮಳೆಯ ಸದ್ದಿಗೆ ಎದ್ದು ಕೂರುತ್ತಾರೆ. ಅದನ್ನು ಈಮಾನ್ ಕಡಿಮೆಯಾಯಿತು ಎಂದು ಹೀಗಳೆಯಬೇಡಿ. ಅದೂ ನೆರೆ ಬಿಟ್ಟುಹೋದ ಗಾಯ. ಅವರ ಮಾತು ಕೇಳಿ, ರಾತ್ರಿ ಒಂಟಿಯಾಗಿ ಬಿಡಬೇಡಿ. ನಿದ್ದೆ ಬಾರದೆ ವಾರಗಳೇ ಕಳೆದರೆ ವೈದ್ಯರಿಗೆ ತೋರಿಸಿ.

ಮಳೆಗಾಲಕ್ಕೆ ಮೊದಲು ಪ್ರತಿ ಜಮಾಅತ್ ಮೂರು ಕೆಲಸ ಮಾಡಲಿ. ಗಾಳಿಯಾಡದ ಡಬ್ಬಿಯಲ್ಲಿ ಹೊಸ ಬ್ಲೀಚಿಂಗ್ ಪೌಡರ್ ಇಡಲಿ, ಹಳೆಯದು ಶಕ್ತಿ ಕಳೆದುಕೊಂಡಿರುತ್ತದೆ. ಊರಿನ ಎಲ್ಲ ಬಾವಿಗಳ ಅಳತೆ ಒಂದು ಪುಸ್ತಕದಲ್ಲಿ ಬರೆದಿಡಲಿ. ಬಾಣಂತಿಯರು, ಮುದುಕರು, ದಿನಾ ಮಾತ್ರೆ ನುಂಗುವವರು ಯಾವ ಮನೆಯಲ್ಲಿದ್ದಾರೆ ಎಂದು ಯುವಕರಿಗೆ ಗೊತ್ತಿರಲಿ. ಆ ಪುಸ್ತಕದಲ್ಲಿ ನೆರೆಮನೆಯ ಹಿಂದೂ, ಕ್ರೈಸ್ತ ಸಹೋದರರ ಬಾವಿಗಳೂ ಇರಲಿ. ನೆಲದಡಿಯಲ್ಲಿ ಹರಿಯುವ ನೀರಿಗೆ ಬೇಲಿಯಿಲ್ಲ, ಪಕ್ಕದ ಬಾವಿ ಕೆಟ್ಟಿದ್ದರೆ ನಮ್ಮದೂ ಬಹಳ ದಿನ ಉಳಿಯದು.