ಜಾತ್ರೆಯ ಬಿಸಿಲು

ಚೈತ್ರಮಾಸದ ಹುಣ್ಣಿಮೆ. ರಾಮನವಮಿ ಕಳೆದು ಆರು ದಿನಗಳಾಗಿವೆ. ತುಂಗಭದ್ರೆಯ ದಂಡೆಯ ಮೇಲಿರುವ ಹಂಪಿಯಲ್ಲಿ ಅಂದು ವಿರೂಪಾಕ್ಷಸ್ವಾಮಿಯ ರಥೋತ್ಸವ. ಸುತ್ತಲಿನ ಹಳ್ಳಿಗಳ ಜನರು ಬಸ್ಸುಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಕಾಲ್ನಡಿಗೆಯಲ್ಲಿಯೂ ಬೆಳಗಿನಿಂದಲೇ ಬಂದು ನೆರೆಯುತ್ತಾರೆ. ನದಿಯಲ್ಲಿ ಮಿಂದು, ದೇವರ ದರ್ಶನ ಪಡೆದು, ತೇರು ಹೊರಡುವ ಹೊತ್ತಿಗಾಗಿ ಕಾಯುತ್ತಾರೆ. ದೇವಾಲಯದ ಗೋಪುರದಿಂದ ಎದುರುಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿರುವ ರಥಬೀದಿಯಲ್ಲಿ ಜನವೋ ಜನ. ಎಲ್ಲಿ ನೋಡಿದರೂ ಬೆಂಡು ಬತ್ತಾಸು, ಬಳೆ, ಬಲೂನು, ಕುಂಕುಮ, ಹೂವು. ಮಕ್ಕಳ ಪೀಪಿಯ ದನಿ ಮಂಗಳವಾದ್ಯದ ದನಿಯೊಡನೆ ಬೆರೆತುಹೋಗುತ್ತದೆ.

ಈ ಸಂಭ್ರಮದ ನಡುವೆ ಕರೆಯದೆ ಬಂದ ಅತಿಥಿಯೊಬ್ಬನಿದ್ದಾನೆ. ಅವನೇ ಬಿಸಿಲು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಹಂಪಿಯು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಸೀಮೆಯ ಬೇಸಿಗೆ ನಾಡಿಗೆಲ್ಲ ಹೆಸರಾದುದು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಅಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರುವುದು ಅಪರೂಪವಲ್ಲ. ಈ ಅಂಕಿಯಾದರೂ ನೆರಳಿನದು. ಹವಾಮಾನ ಇಲಾಖೆಯವರು ಉಷ್ಣತಾಮಾಪಕವನ್ನು ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ, ಬಿಸಿಲು ತಾಗದಂತೆ ಇರಿಸಿ ಅಳೆಯುತ್ತಾರೆ. ಬಯಲಿನಲ್ಲಿ ನಿಂತವನ ಪಾಡು ಬೇರೆ. ನೆತ್ತಿಯ ಮೇಲೆ ಸೂರ್ಯ ಸುಡುತ್ತಾನೆ. ಕಾದ ನೆಲ ಕೆಳಗಿನಿಂದ ಬೇಯಿಸುತ್ತದೆ. ಹಂಪಿಯ ಸುತ್ತಲಿನ ಹೆಬ್ಬಂಡೆಗಳೋ ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿಯವರೆಗೂ ಹೊರಸೂಸುತ್ತಲೇ ಇರುತ್ತವೆ.

ಇಂತಹ ಬಿಸಿಲಿನಲ್ಲಿ ಸಾವಿರಾರು ಜನರು ಗಂಟೆಗಟ್ಟಲೆ ನಿಂತು, ತೇರನ್ನು ಕಣ್ತುಂಬ ನೋಡಿ, ಕ್ಷೇಮವಾಗಿ ಮನೆಗೆ ಮರಳುವುದು ಹೇಗೆ? ಇದರ ಉತ್ತರ ಜಾತ್ರೆಯ ಬೀದಿಯಲ್ಲಿಯೇ ಇದೆ. ದಾರಿಯ ಬದಿಯ ಚಪ್ಪರದ ಕೆಳಗೆ, ಮರಳಿನ ಹಾಸಿನ ಮೇಲೆ ಕುಳಿತಿರುವ ಮಣ್ಣಿನ ಹರವಿಯೇ ಆ ಉತ್ತರ.

ಹರವಿಯನ್ನು ಹೊರಗಿನಿಂದ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಅಸಂಖ್ಯಾತವಾಗಿವೆ. ಒಳಗಿನ ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ, ಅಲ್ಲಿ ಗಾಳಿಗೆ ಆವಿಯಾಗುತ್ತದೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಹರವಿಯಿಂದಲೂ ಒಳಗೆ ಉಳಿದ ನೀರಿನಿಂದಲೂ ಪಡೆಯುತ್ತದೆ. ಹೀಗೆ ಕೊಂಚ ನೀರು ಹೊರಟುಹೋಗಿ ಉಳಿದ ನೀರನ್ನು ತಂಪಾಗಿಸುತ್ತದೆ. ಗಾಳಿ ಒಣಗಿದ್ದಷ್ಟೂ ಹರವಿಯ ನೀರು ತಂಪು. ಮಳೆಗಾಲದಲ್ಲಿ ಅದೇ ಹರವಿಯ ನೀರು ಬೇಸಿಗೆಯಷ್ಟು ತಣ್ಣಗಾಗುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು.

ಮನುಷ್ಯನ ದೇಹವೂ ಇಂತಹ ಒಂದು ಹರವಿಯೇ ಸರಿ. ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿಗಳಲ್ಲಿ ಸ್ಥಿರವಾಗಿರಬೇಕು. ಸುಮ್ಮನೆ ಕುಳಿತಿರುವ ಮನುಷ್ಯನೂ ಒಂದು ನೂರು ವಾಟ್ ಬಲ್ಬಿನಷ್ಟು ಶಾಖವನ್ನು ಸದಾ ಉತ್ಪಾದಿಸುತ್ತಾನೆ. ತೇರಿನ ಮಿಣಿ ಹಿಡಿದು ಎಳೆಯುವವನು ಅದರ ಹಲವು ಪಟ್ಟು ಉತ್ಪಾದಿಸುತ್ತಾನೆ. ಹವೆ ತಂಪಾಗಿರುವಾಗ ಈ ಶಾಖ ಚರ್ಮದಿಂದ ಗಾಳಿಗೆ ತಾನಾಗಿಯೇ ಹರಿದುಹೋಗುತ್ತದೆ. ಸುತ್ತಲಿನ ಗಾಳಿಯು ಚರ್ಮಕ್ಕಿಂತ ಹೆಚ್ಚು ಬಿಸಿಯಾದಾಗ ಈ ದಾರಿ ಮುಚ್ಚುತ್ತದೆ. ಗಾಳಿಯೇ ದೇಹವನ್ನು ಕಾಯಿಸತೊಡಗುತ್ತದೆ. ಆಗ ಉಳಿಯುವ ಮುಖ್ಯ ಉಪಾಯ ಒಂದೇ: ಬೆವರು. ಹೃದಯವು ವೇಗವಾಗಿ ಬಡಿದು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ನೂಕುತ್ತದೆ. ಸ್ವೇದಗ್ರಂಥಿಗಳು ನೀರನ್ನು ಹೊರಸೂಸುತ್ತವೆ. ಆ ನೀರು ಆವಿಯಾಗಿ ಮೈಯನ್ನು ತಂಪಾಗಿಸುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ದೇಹದಿಂದ ಹೊರಹೋಗುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವಷ್ಟು ಶಾಖವದು!

ಆದರೆ ಬೆವರು ಸುರಿದು ನೆಲಕ್ಕೆ ಬಿದ್ದರೆ ಪ್ರಯೋಜನವಿಲ್ಲ. ಅದು ಚರ್ಮದ ಮೇಲೆ ಆವಿಯಾಗಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ. ಆದುದರಿಂದ ಉಷ್ಣತಾಮಾಪಕ ಕಡಮೆ ಅಂಕಿಯನ್ನು ತೋರಿಸಿದರೂ ಅಲ್ಲಿ ಸೆಕೆ ಅಧಿಕ. ಒತ್ತೊತ್ತಾಗಿ ನಿಂತ ಜನಸಂದಣಿಯ ನಡುವೆಯೂ ಇದೇ ಸ್ಥಿತಿ. ಅಲ್ಲಿ ಗಾಳಿ ಸುಳಿಯುವುದಿಲ್ಲ. ಒಬ್ಬರ ಮೈಶಾಖ ಮತ್ತೊಬ್ಬರಿಗೆ ತಟ್ಟುತ್ತದೆ. ಬಯಲುಸೀಮೆಯ ಅಪಾಯ ಇನ್ನೊಂದು ಬಗೆಯದು. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ, ತನ್ನ ದೇಹದಿಂದ ಎಷ್ಟು ನೀರು ಹೋಯಿತೆಂಬುದು ಮನುಷ್ಯನಿಗೆ ತಿಳಿಯುವುದೇ ಇಲ್ಲ. ಬಿಸಿಲಿನಲ್ಲಿ ಶ್ರಮಪಡುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಹುದು. ಬಾಯಾರಿಕೆಯೋ ತಡವಾಗಿ ಎಚ್ಚರಿಸುವ ಸೇವಕನಂತೆ. ಅದು ಬಂದು ಕರೆಯುವ ವೇಳೆಗೆ ಹರವಿ ಅಷ್ಟಿಷ್ಟು ಬರಿದಾಗಿರುತ್ತದೆ.

ಶಾಸ್ತ್ರವು ಹೇಳುವ ಈ ಮಾತನ್ನು ಜಾತ್ರೆಯ ಹಿರಿಯರು ಅನುಭವದಿಂದ ಬಲ್ಲರು. ಅರವಟ್ಟಿಗೆಯಲ್ಲಿ ನೀರು ಕೊಡುತ್ತ ಕುಳಿತ ಮುದುಕನು ದಾರಿಯಲ್ಲಿ ಓಡುತ್ತಿರುವ ಹುಡುಗಿಯನ್ನು ಕೂಗಿ ನಿಲ್ಲಿಸುತ್ತಾನೆ.

“ಬಾರವ್ವಾ, ಒಂದು ಲೋಟ ನೀರು ಕುಡಿದು ಹೋಗು.”

“ನೀರಡಿಕೆ ಆಗಿಲ್ಲ ತಾತಾ.”

“ಆದಮೇಲೆ ಕುಡಿದರೆ ತಡವಾಗ್ತದವ್ವಾ. ಈಗಲೇ ಕುಡಿ. ತೇರು ನೋಡೋತನಕ ಕಾಲು ಗಟ್ಟಿ ಇರಬೇಕಲ್ಲ!”

ಅರವಟ್ಟಿಗೆಯು ಕನ್ನಡನಾಡಿನ ಹಳೆಯ ಧರ್ಮಗಳಲ್ಲೊಂದು. ಹಳಗನ್ನಡದಲ್ಲಿ ‘ಅಱ’ ಎಂದರೆ ಧರ್ಮ. ಆ ಮಾತೇ ಈ ಹೆಸರಿನ ಮೊದಲಲ್ಲಿದೆ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಛತ್ರ ಕಟ್ಟಿಸುವುದು ಇವುಗಳೊಡನೆ ದಾರಿಹೋಕರಿಗೆ ನೀರೆರೆಯುವುದೂ ಪುಣ್ಯಕಾರ್ಯವೆಂದು ನಮ್ಮ ಶಾಸನಗಳು ಸಾರುತ್ತವೆ. ನೀರು ಕೇಳಿದವನ ಕುಲವನ್ನಾಗಲಿ ಊರನ್ನಾಗಲಿ ಬಾಯಾರಿಕೆ ವಿಚಾರಿಸುವುದಿಲ್ಲ. ಇಂದಿಗೂ ಬೇಸಿಗೆಯ ಜಾತ್ರೆಗಳಲ್ಲಿ ಯುವಕ ಸಂಘದವರೂ ವರ್ತಕರೂ ಅರವಟ್ಟಿಗೆಗಳನ್ನಿಟ್ಟು ನೀರು ಮಜ್ಜಿಗೆಗಳನ್ನು ಉಚಿತವಾಗಿ ಹಂಚುತ್ತಾರೆ.

ಅಲ್ಲಿ ದೊರೆಯುವ ಪಾನೀಯಗಳೂ ವಿಚಾರಯೋಗ್ಯವಾದವು. ಬೆವರಿನೊಡನೆ ನೀರು ಮಾತ್ರವಲ್ಲದೆ ಉಪ್ಪೂ ಹೊರಹೋಗುತ್ತದೆ. ಉಪ್ಪು ಬೆರೆತ ನೀರುಮಜ್ಜಿಗೆ ಈ ನಷ್ಟವನ್ನು ತುಂಬುತ್ತದೆ. ಬೆಲ್ಲ, ನಿಂಬೆರಸ, ಏಲಕ್ಕಿಗಳ ಪಾನಕ ನೀರಿನೊಡನೆ ಕೊಂಚ ಶಕ್ತಿಯನ್ನೂ ಕೊಡುತ್ತದೆ. ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿಗಳನ್ನು ಹಂಚುವ ಪದ್ಧತಿ ಬೇಸಿಗೆಯ ಬಾಗಿಲಿನಲ್ಲಿಯೇ ಬಂದಿರುವುದು ಎಷ್ಟು ಉಚಿತವಾಗಿದೆ! ಬಹಳ ಬೆವರಿ ದಣಿದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಕೊಡಬಹುದು. ಆದರೆ ನೀರು ಶುದ್ಧವಾಗಿರಬೇಕು. ಹರವಿಗೆ ಮುಚ್ಚಳವಿರಬೇಕು, ಕೈ ಅದ್ದದೆ, ಉದ್ದ ಹಿಡಿಯ ಸೌಟಿನಿಂದ ನೀರು ತೆಗೆಯಬೇಕು. ಹಿಂದೆ ಜಾತ್ರೆಗಳು ಕಾಲರಾ ಹರಡುವ ತಾಣಗಳಾಗಿದ್ದುದು ಮಲಿನವಾದ ನೀರಿನಿಂದಲೇ.

ನೀರಿನ ನಂತರ ನೆರಳು. ಹಂಪಿಯ ರಥಬೀದಿಯ ಎರಡು ಬದಿಗಳಲ್ಲಿ ಸಾಲುಸಾಲಾಗಿ ನಿಂತಿರುವ ಕಲ್ಲಿನ ಮಂಟಪಗಳು ಹಿಂದಿನ ಕಾಲದಲ್ಲಿ ವ್ಯಾಪಾರಕ್ಕೂ ಜನರ ವಿಶ್ರಾಂತಿಗೂ ಆಸರೆಯಾಗಿದ್ದವು. ಮಂಟಪವಿಲ್ಲದ ಊರುಗಳಲ್ಲಿ ತೆಂಗಿನ ಗರಿಯ ಚಪ್ಪರವಿದೆ; ಅದೂ ಇಲ್ಲದಲ್ಲಿ ಮರವಿದೆ. ಹೊಂಗೆಯ ಮರವು ಬಿರುಬೇಸಿಗೆ ತೊಡಗುವ ವೇಳೆಗೆ ಹಳೆಯ ಎಲೆಗಳನ್ನು ಕಳಚಿ ಹೊಸ ಚಿಗುರನ್ನು ಹೊದೆಯುತ್ತದೆ. ಮರದ ಎಲೆಗಳೂ ನೀರನ್ನು ಆವಿಯಾಗಿ ಬಿಡುತ್ತವೆ. ಆದ್ದರಿಂದಲೇ ಮರದ ನೆರಳು ತಗಡಿನ ನೆರಳಿಗಿಂತ ತಂಪು. ಕಾದ ತಗಡು ತಾನೇ ಶಾಖವನ್ನು ಸೂಸುತ್ತದೆ, ಹಸುರೆಲೆ ಹಾಗಲ್ಲ.

ಉಡುಪಿನಲ್ಲಿಯೂ ಹಿರಿಯರ ವಿವೇಕ ಕಾಣುತ್ತದೆ. ರೈತನ ತಲೆಯ ರುಮಾಲು, ಹೆಂಗಸರು ತಲೆಯ ಮೇಲೆ ಹೊದ್ದ ಸೆರಗು, ಸಡಿಲವಾದ ಹತ್ತಿಯ ಅಂಗಿ ಇವೆಲ್ಲ ಬಿಸಿಲನ್ನು ತಡೆದು ಬೆವರನ್ನು ಆರಗೊಡುತ್ತವೆ. ಇನ್ನು ಹೊತ್ತಿನ ಆಯ್ಕೆ. ಹಂಪಿಯ ತೇರು ಸಾಗುವುದು ಬಿಸಿಲಿಳಿದ ಮೇಲೆ. ಅದೇ ಹುಣ್ಣಿಮೆಯಂದು ಬೆಂಗಳೂರಿನ ಕರಗ ಹೊರಡುವುದು ರಾತ್ರಿಯಲ್ಲಿ. ಮೇಲುಕೋಟೆಯ ವೈರಮುಡಿ ಉತ್ಸವವೂ ಇರುಳಿನದೇ. ಇವಕ್ಕೆ ಧಾರ್ಮಿಕ ಕಾರಣಗಳು ಏನೇ ಇರಲಿ, ನೆರೆದ ಜನರಿಗೆ ಅದು ಹಿತವೇ ಆಗಿದೆ.

ಈ ವಿವೇಕವನ್ನು ಮರೆತಲ್ಲಿ ಏನಾಗುವುದೆಂಬುದಕ್ಕೆ ಇತ್ತೀಚಿನ ನಿದರ್ಶನಗಳಿವೆ. 2023ರ ಏಪ್ರಿಲ್ 16ರಂದು ಮಹಾರಾಷ್ಟ್ರದ ನವಿಮುಂಬಯಿಯ ಖಾರ್ಘರ್‌ನಲ್ಲಿ ತೆರೆದ ಬಯಲಿನಲ್ಲಿ ಲಕ್ಷಾಂತರ ಜನರು ಸಮಾರಂಭವೊಂದಕ್ಕಾಗಿ ಸೇರಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ಬಿಸಿಲಿನಲ್ಲಿ ಕುಳಿತರು. ಅಂದಿನ ಉಷ್ಣತೆ ಸುಮಾರು 38 ಡಿಗ್ರಿ ಮಾತ್ರ. ಆದರೂ ಹದಿನಾಲ್ಕು ಮಂದಿ ಪ್ರಾಣ ಕಳೆದುಕೊಂಡರು. 2024ರ ಜೂನ್ ತಿಂಗಳಿನಲ್ಲಿ ಮೆಕ್ಕಾದ ಹಜ್ ಯಾತ್ರೆಯ ವೇಳೆ ಉಷ್ಣತೆ 50 ಡಿಗ್ರಿಯನ್ನು ಮೀರಿತು. 1,301 ಯಾತ್ರಿಕರು ಮಡಿದರೆಂದು ಅಲ್ಲಿಯ ಸರಕಾರ ಪ್ರಕಟಿಸಿತು. ಅವರಲ್ಲಿ ಅನೇಕರು ನೆರಳಿನ ಆಸರೆಯಿಲ್ಲದೆ ಬಹುದೂರ ನಡೆದವರು. ಭಕ್ತಿಯಾಗಲಿ ಉತ್ಸಾಹವಾಗಲಿ ಬಿಸಿಲನ್ನು ತಡೆಯಲಾರದು.

ಬಿಸಿಲಿನ ಪೆಟ್ಟು ಹಂತಹಂತವಾಗಿ ಬರುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ನಿಶ್ಶಕ್ತಿ, ಕಾಲಿನ ಸ್ನಾಯುಗಳ ಸೆಳೆತ. ಆಗಲೇ ನೆರಳಿಗೆ ಸರಿದು, ನೀರು ಕುಡಿದು, ಮಲಗಿ ವಿಶ್ರಮಿಸಿದರೆ ಸಾಮಾನ್ಯವಾಗಿ ಚೇತರಿಕೆ ಉಂಟಾಗುತ್ತದೆ. ಅಲಕ್ಷಿಸಿದರೆ ದೇಹದ ಉಷ್ಣತೆ 40 ಡಿಗ್ರಿಯನ್ನು ದಾಟಿ, ಮಾತು ತೊದಲಿ, ಬುದ್ಧಿ ಮಂಕಾಗಿ, ಪ್ರಜ್ಞೆ ತಪ್ಪಬಹುದು. ಇದು ಉಷ್ಣಾಘಾತ, ಪ್ರಾಣಕ್ಕೆ ಅಪಾಯಕರ. ಆಗ ಒಂದು ನಿಮಿಷವನ್ನೂ ಕಳೆಯಬಾರದು. ರೋಗಿಯನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಕೊರಳು, ಕಂಕುಳು, ತೊಡೆಯ ಸಂದುಗಳಲ್ಲಿ ಒದ್ದೆಬಟ್ಟೆ ಅಥವಾ ಮಂಜುಗಡ್ಡೆಯನ್ನು ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಒಬ್ಬರು ಆರೈಕೆ ಮಾಡುತ್ತಿರುವಂತೆಯೇ ಇನ್ನೊಬ್ಬರು 108ಕ್ಕೆ ಕರೆಮಾಡಿ ಆಂಬ್ಯುಲೆನ್ಸನ್ನು ಕರೆಸಬೇಕು.

ಬಿಸಿಲು ಎಲ್ಲರಿಗೂ ಒಂದೇ ಆದರೂ ಎಲ್ಲರನ್ನೂ ಒಂದೇ ಸಮನಾಗಿ ಬಾಧಿಸುವುದಿಲ್ಲ. ವೃದ್ಧರಿಗೆ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ. ಶಿಶುಗಳು ತಮ್ಮ ಸಂಕಟವನ್ನು ಹೇಳಲಾರವು. ತಂಪಾದ ಮಲೆನಾಡಿನಿಂದ ಬಂದವರ ದೇಹ ಬಯಲಿನ ಬಿಸಿಲಿಗೆ ಒಗ್ಗಲು ಒಂದೆರಡು ವಾರಗಳೇ ಬೇಕು. ಜಾತ್ರೆಯನ್ನು ನೋಡಲು ಬಂದವನು ಬಿಸಿಲು ಹೆಚ್ಚಾದರೆ ಮಂಟಪದೊಳಗೆ ಸರಿಯಬಹುದು. ಬಲೂನು ಮಾರುವ ಹುಡುಗ, ಹೂವಿನ ಬುಟ್ಟಿಯ ಮುದುಕಿ, ಜನರನ್ನು ನಿಯಂತ್ರಿಸುವ ಪೋಲೀಸು, ಬೀದಿ ಗುಡಿಸುವ ಪೌರಕಾರ್ಮಿಕ ಇವರೆಲ್ಲಿಗೆ ಸರಿಯಬೇಕು? ಬಿಸಿಲಿನಲ್ಲಿ ನಿಲ್ಲುವುದೇ ಅವರ ಅಂದಿನ ಅನ್ನ. ಆದುದರಿಂದ ಬಿಸಿಲಿನಿಂದ ಕಾಪಾಡುವುದು ಪ್ರತಿಯೊಬ್ಬನ ಸ್ವಂತ ಎಚ್ಚರಿಕೆಗೆ ಮಾತ್ರ ಬಿಡತಕ್ಕ ಕೆಲಸವಲ್ಲ. ಸಮಾಜವು ಕೂಡಿ ಮಾಡತಕ್ಕ ಕೆಲಸ.

ಇದಕ್ಕೆ ಗುಜರಾತಿನ ಅಹಮದಾಬಾದು ದಾರಿ ತೋರಿದೆ. 2010ರ ಮೇ ತಿಂಗಳಿನಲ್ಲಿ ಆ ನಗರದ ಉಷ್ಣತೆ 46.8 ಡಿಗ್ರಿಗೆ ಏರಿ ಬಹಳ ಸಾವುಗಳು ಸಂಭವಿಸಿದವು. ಅದರಿಂದ ಪಾಠ ಕಲಿತ ನಗರವು 2013ರಲ್ಲಿ ದಕ್ಷಿಣ ಏಷ್ಯಾದಲ್ಲಿಯೇ ಮೊದಲನೆಯದಾದ ಉಷ್ಣ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ಬಿಸಿಗಾಳಿಯ ಮುನ್ಸೂಚನೆಯನ್ನು ಜನರಿಗೆ ಮೊದಲೇ ತಿಳಿಸುವುದು, ಕುಡಿಯುವ ನೀರು ಒದಗಿಸುವುದು, ವೈದ್ಯರನ್ನು ಸಿದ್ಧಗೊಳಿಸುವುದು ಅದರ ಮುಖ್ಯಾಂಶಗಳು. ವಿಚಾರಮಾಡಿದರೆ ಇದು ನಮ್ಮ ಹಳೆಯ ಅರವಟ್ಟಿಗೆಯ ವಿಸ್ತಾರವಾದ ರೂಪವೇ ಅಲ್ಲವೇ?

ಹಂಪಿಯಲ್ಲಿ ಈಗ ಬಿಸಿಲು ಇಳಿದಿದೆ. ತೇರಿನ ಗಾಲಿಗಳು ಉರುಳುತ್ತವೆ. ಬಾಳೆಹಣ್ಣು ದವನಗಳನ್ನು ತೇರಿಗೆ ಎಸೆದು ಜನರು ಕೈಮುಗಿಯುತ್ತಾರೆ. ಜನಸಾಗರ ತೇರಿನ ಹಿಂದೆ ಸರಿದುಹೋದ ಮೇಲೆ, ಅರವಟ್ಟಿಗೆಯ ಮುದುಕನು ಬರಿದಾದ ಹರವಿಯನ್ನು ತೊಳೆದು, ನಾಳಿನ ನೀರಿಗಾಗಿ ಬೋರಲಾಗಿ ಇಡುತ್ತಾನೆ. ಅಂದು ಎಷ್ಟು ಜನ ತೇರನ್ನು ಕಂಡರೆಂಬುದನ್ನು ಹಲವರು ಹೇಳಬಲ್ಲರು. ಅವನ ಹರವಿಯ ನೀರಿನಿಂದ ಎಷ್ಟು ಜನ ಸುಖವಾಗಿ ಮನೆ ಸೇರಿದರೆಂಬುದನ್ನು ಎಣಿಸಿದವರಿಲ್ಲ.

ಅಭ್ಯಾಸ

ಪದಗಳ ಅರ್ಥ: ಹರವಿ – ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ, ಮಿಣಿ – ದಪ್ಪ ಹಗ್ಗ, ಅರವಟ್ಟಿಗೆ – ದಾರಿಹೋಕರಿಗೆ ಉಚಿತವಾಗಿ ನೀರು ಕೊಡುವ ಸ್ಥಳ, ಸ್ವೇದ – ಬೆವರು, ದವನ – ಒಂದು ಬಗೆಯ ಸುವಾಸನೆಯ ಎಲೆ.

1. ಮಣ್ಣಿನ ಹರವಿಗೂ ಮನುಷ್ಯನ ದೇಹಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ಬಯಲುಸೀಮೆಯ ಬಿಸಿಲಿಗೂ ಕರಾವಳಿಯ ಸೆಕೆಗೂ ಇರುವ ವ್ಯತ್ಯಾಸವೇನು?
3. ಉಷ್ಣಾಘಾತಕ್ಕೆ ಒಳಗಾದವರಿಗೆ ಮಾಡಬೇಕಾದ ಪ್ರಥಮ ಚಿಕಿತ್ಸೆ ಯಾವುದು? ಏನನ್ನು ಮಾಡಬಾರದು? ಏಕೆ?
4. “ಬಿಸಿಲಿನಲ್ಲಿ ನಿಲ್ಲುವುದೇ ಅವರ ಅಂದಿನ ಅನ್ನ.” ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
5. ನಿಮ್ಮ ಊರಿನ ಜಾತ್ರೆಯಲ್ಲಿ ಅರವಟ್ಟಿಗೆಯನ್ನು ಇಡಬೇಕಾದರೆ ಏನೇನು ಸಿದ್ಧತೆ ಮಾಡುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.